ಇಕಾಮಾದಲ್ಲಿ ಇದ್ದದ್ದನ್ನೇ ಹೇಳಿದೆ

ಆ ಫೋನು ಎತ್ತಿದ್ದು ನಾನು, ಸ್ಟ್ಯಾನಿಯಣ್ಣ. ಸದಾನಂದರಲ್ಲ. ನೀವು ಇಷ್ಟು ವರ್ಷ ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರು ಆ ಹೊತ್ತಿಗೆ ಆಫೀಸಿನಲ್ಲೇ ಇರಲಿಲ್ಲ. ನೀವು ಡ್ರೈವರ್ ಎಂದು ಕೆನಡಾದ ವೀಸಾ ಕಚೇರಿಗೆ ಹೇಳಿದವಳು ನಾನು.

ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ನನ್ನ ನೆನಪು ಎಲ್ಲಿ ತನಗೆ ಬೇಕಾದ ಕಡೆಗೆ ತಿರುಗುತ್ತದೆ ಎಂಬುದನ್ನು ನೀವಾದರೂ ಹಿಡಿಯಬಹುದು — ನನಗೆ ಅದರ ಮೇಲೆ ನಂಬಿಕೆ ಇಲ್ಲ.

ಕುವೈತಿನ ಖೈತಾನಿನಲ್ಲಿ ನಮ್ಮದು ಒಂದೇ ಕಟ್ಟಡ. ಬೆಳಿಗ್ಗೆ ನಿಮ್ಮ ಕಾರಿನಲ್ಲಿ ಮೂವರೂ ಶುವೈಖಿನ ಆಫೀಸಿಗೆ ಹೊರಡುತ್ತಿದ್ದೆವು. ಮುಂದೆ ನಾನು, ಹಿಂದೆ ಸ್ಟೋರ್‌ಕೀಪರ್ ಸದಾನಂದ. ನೀವು ಎ.ಸಿ. ಕಂಪನಿಯ ಫೋರ್‌ಮನ್, ಯಾವ ದೊಡ್ಡ ಕಟ್ಟಡದ ಯಂತ್ರ ಕೈಕೊಟ್ಟರೂ ನಿಮ್ಮನ್ನೇ ಹುಡುಕುತ್ತಿದ್ದರು. ಅಲ್ಲಿರಲು ಸರ್ಕಾರ ಕೊಡುವ ಇಕಾಮಾ ಕಾರ್ಡಿನಲ್ಲಿ ಮಾತ್ರ ನೀವು ಡ್ರೈವರ್, ಯಾಕೆಂದರೆ ನೀವು ಬಂದ ಕಾಲಕ್ಕೆ ನಮ್ಮನ್ನು ಕರೆಸಿಕೊಂಡ ಮಾಲೀಕ, ಆ ಕಫೀಲನ ಕೈಯಲ್ಲಿ ಉಳಿದದ್ದು ಡ್ರೈವರ್ ವೀಸಾ ಒಂದೇ. ಸದಾನಂದರದು ಹೆಲ್ಪರ್. "ಪೊರ್ಬುಗಳೇ, ಸರ್ಕಾರದ ಪ್ರಕಾರ ಈ ಕಾರಿನಲ್ಲಿ ಎಲ್ಲ ಸರಿ ಉಂಟು. ಡ್ರೈವರ್ ಗಾಡಿ ಬಿಡುವುದು, ಹೆಲ್ಪರ್ ಹಿಂದೆ ಕೂರುವುದು" ಎಂದು, ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ನಿಮ್ಮನ್ನು ಕರೆದು, ಅವರು ದಿನಾ ಎಂಬಂತೆ ಹೇಳುತ್ತಿದ್ದರು. ದಿನಾ ಎಂಬಂತೆ ನಾವು ನಗುತ್ತಿದ್ದೆವು.

ಗುರುತಿಲ್ಲದವರು ಫೋನು ಮಾಡಿ ಯಾರ ಕೆಲಸ ಏನೆಂದು ಕೇಳಿದರೆ ಇಕಾಮಾದಲ್ಲಿ ಇದ್ದದ್ದನ್ನೇ ಹೇಳಬೇಕು — ಆಫೀಸಿನಲ್ಲಿ ನನಗೆ ಮೊದಲು ಕಲಿಸಿದ ಪಾಠ ಅದು. ತಪಾಸಣೆಯವರು ಇರಬಹುದು. ಬೇರೆ ಕೆಲಸ ಮಾಡಿಸುತ್ತಿದ್ದಾರೆಂದು ತಿಳಿದರೆ ಆ ಮನುಷ್ಯನನ್ನು ಊರಿಗೆ ಅಟ್ಟಿಬಿಡುತ್ತಿದ್ದರು. ಇದನ್ನು ಹೇಳುತ್ತಿರುವುದು ನನ್ನನ್ನು ಕಾಪಾಡಿಕೊಳ್ಳಲು ಅಲ್ಲ. ಅಥವಾ — ಅದಕ್ಕೇ ಇರಬಹುದೇನೋ.

ಆಗೆಲ್ಲ ಕೆನಡಾಕ್ಕೆ ಅರ್ಜಿ ಹಾಕಿದವರು ಬಾಯಿ ಬಿಡುತ್ತಿರಲಿಲ್ಲ. ಕಫೀಲನ ಕಿವಿಗೆ ಬಿದ್ದರೆ ಕೆಲಸ ಖಲಾಸ್. ಅದಕ್ಕಿಂತ ಹೆಚ್ಚಾಗಿ, ನಮ್ಮವರದೇ ಕಣ್ಣು ಬೀಳುವ ಹೆದರಿಕೆ. ಅಕ್ಕಪಕ್ಕದ ಮನೆಯವರು ಅರ್ಜಿಗೆ ಬೇಕಾದ ಇಂಗ್ಲಿಷ್ ಪರೀಕ್ಷೆಯ ಹಾಲಿನಲ್ಲಿ ಎದುರಾಗಿ, ನೋಡದವರಂತೆ ಮುಖ ತಿರುಗಿಸಿಕೊಂಡದ್ದೂ ಉಂಟು. ನಿಮ್ಮ ಜೂಲಿ ಸಂಜೆ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೇನೆ ಎಂದರು. ಅವರು ಹೇಳಿದ ಮಹಡಿಯಲ್ಲಿ ಹೊಲಿಗೆ ಯಂತ್ರವೇ ಇಲ್ಲ, ಇರುವುದು ಇಂಗ್ಲಿಷ್ ಕೋಚಿಂಗ್ ಎಂದು ನನಗೆ ಗೊತ್ತಿತ್ತು. ನನಗೆ ಜ್ವರ ಬಂದಾಗ ಗಂಜಿ ಮಾಡಿ ತಂದು, ಕೂತು ಕುಡಿಸಿದವರು ನಿಮ್ಮ ಹೆಂಡತಿ. ಅವರು ನನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದರು. ಅಲ್ಲಿಂದ ಮುಂದೆ ಕಾರಿನಲ್ಲಿ ನೀವು ರೇಡಿಯೋ ಜೋರು ಮಾಡಿದರೂ, ತಗ್ಗಿಸಿದರೂ ನನಗೆ ಅನುಮಾನ. ನಾನೂ ನನ್ನ ಗಂಡನೂ ಅರ್ಜಿ ಹಾಕಬೇಕೆಂದು ನೋಡಿದ್ದೆವು. ವಯಸ್ಸು, ಓದು, ಇಂಗ್ಲಿಷು ನೋಡಿ ಕೆನಡಾದವರು ಕೊಡುವ ಅಂಕಗಳು ನಮಗೆ ಸಾಲುತ್ತಿರಲಿಲ್ಲ. ಅದನ್ನು ನಾನೂ ನಿಮಗೆ ಹೇಳಿರಲಿಲ್ಲ ಎಂಬುದು ಆಗ ನೆನಪಾಗಲಿಲ್ಲ.

ಫೋನು ಬಂದದ್ದು ಮಧ್ಯಾಹ್ನ, ಊಟದ ಹೊತ್ತಿಗೆ. ಸದಾನಂದ ಬಂದರಿಗೆ ಸಾಮಾನು ಬಿಡಿಸಲು ಹೋಗಿದ್ದರು. ಹೆಂಗಸಿನ ದನಿ, ಇಂಗ್ಲಿಷು. ನಮ್ಮ ಇಂಜಿನಿಯರನ್ನು ಕೇಳಿದರು. ಇಲ್ಲ ಎಂದೆ. ಹಾಗಾದರೆ ನೀವೇ ಹೇಳಿ ಎಂದು ನಿಮ್ಮ ಹೆಸರು ಹಿಡಿದು, ಏನು ಕೆಲಸ ಎಂದು ವಿಚಾರಿಸಿದರು.

ಇಲ್ಲಿಂದ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಆಕೆ ಎಲ್ಲಿಂದ ಮಾತಾಡುತ್ತಿದ್ದೇನೆಂದು ಹೇಳುವುದಿಲ್ಲ, ನಾನು ತಪಾಸಣೆಯವರೆಂದು ಹೆದರುತ್ತೇನೆ. ಇನ್ನೊಂದರಲ್ಲಿ ಆಕೆ ಮೊದಲ ವಾಕ್ಯದಲ್ಲೇ ಕೆನಡಾ ಎನ್ನುತ್ತಾರೆ, ಸ್ಪಷ್ಟವಾಗಿ. ಆ ಸಂಜೆಯ ಡೈರಿಯಲ್ಲಿ ಮೀನು ತಂದದ್ದು ಬರೆದಿದ್ದೇನೆ, ಫೋನಿನ ಸುದ್ದಿ ಇಲ್ಲ. ಬಹಳ ವರ್ಷ ನಾನು ಮೊದಲನೆಯದನ್ನೇ ನಂಬಿದೆ. ಈಗ ನಂಬುವುದಿಲ್ಲ. ಏನೂ ತಿಳಿಯದೆ ಹೇಳಿದ್ದಾಗಿದ್ದರೆ ಅದೇ ಸಂಜೆ ಕಾರಿನಲ್ಲಿ, ಯಾರೋ ನಿಮ್ಮನ್ನು ವಿಚಾರಿಸಿದರು ಎಂದು ನಿಮ್ಮನ್ನು ಎಚ್ಚರಿಸುತ್ತಿದ್ದೆ. ಎಚ್ಚರಿಸಲಿಲ್ಲ.

"ಹೀ ಈಸ್ ಎ ಡ್ರೈವರ್" ಎಂದೆ.

ಬೇರೆ ಏನಾದರೂ ಕೆಲಸ ಮಾಡುತ್ತಾರಾ ಎಂದು ಆಕೆ ಮತ್ತೊಮ್ಮೆ ಕೇಳಿದರು. ಇಲ್ಲ ಎಂದೆ.

ನಿಮಗೆ ಉತ್ತರ ಬಂದ ಮೇಲೆಯೇ ನೀವು ಅರ್ಜಿಯ ವಿಷಯ ಬಾಯಿ ಬಿಟ್ಟದ್ದು. ನೀವು ಫೋರ್‌ಮನ್ ಎಂದು ಇಂಜಿನಿಯರು ಕೊಟ್ಟ ಅನುಭವ ಪತ್ರವೇ ಸುಳ್ಳೆಂದು ಕೆನಡಾದವರು ತೀರ್ಮಾನಿಸಿದ್ದರು. ಕೆಲವು ವರ್ಷ ಮತ್ತೆ ಅರ್ಜಿ ಹಾಕುವಂತೆಯೂ ಇರಲಿಲ್ಲ. ಅವತ್ತು ಸದಾನಂದ ರಜೆ. ಸಿಗ್ನಲಿನಲ್ಲಿ ಕಾರು ನಿಂತಾಗ ನೀವು ರಸ್ತೆ ನೋಡುತ್ತಲೇ ಕೇಳಿದಿರಿ, "ಆಫೀಸಿಗೆ ಫೋನು ಮಾಡಿದ್ರಂತೆ. ಯಾರು ಎತ್ತಿದ್ದು ಶಾಲಿನಿ?"

ಆಗಲೂ ಹೇಳಬಹುದಿತ್ತು. ನಾನು ಹೇಳಿದ್ದು ಇದು: "ನಂಗೆ ಯಾವ ಫೋನೂ ಬರ್ಲಿಲ್ಲಪ್ಪ. ಊಟದ ಹೊತ್ತಿಗೆ ಸದಾನಂದಣ್ಣ ಎತ್ತುವುದಲ್ವಾ."

ಅವರು ಹಿಂದಿನ ತಿಂಗಳಷ್ಟೇ, "ಪೊರ್ಬುಗಳು ಸ್ವೆಟರ್ ತೆಗೊಂಡ್ರಂತೆ, ಈ ಸೆಕೆಗೆ ಎಂತಕ್ಕೆ ಮಾರಾಯ್ರೆ?" ಎಂದು ನಿಮ್ಮನ್ನು ಕೆಣಕಿದ್ದರು. ನಿಮಗೆ ಅಷ್ಟು ಸಾಕಾಯಿತು. ಸಾಕಾಗುತ್ತದೆ ಎಂದು ನನಗೂ ಗೊತ್ತಿತ್ತು.

ಅವರು ರಜೆ ಮುಗಿಸಿ ಬಂದ ಬೆಳಿಗ್ಗೆ ಎಂದಿನಂತೆ ಕೆಳಗೆ ಊಟದ ಡಬ್ಬಿ ಹಿಡಿದು ನಿಂತಿದ್ದರು. ನೀವು ನಿಲ್ಲಿಸಲಿಲ್ಲ. ಅವರು ಕೈ ಎತ್ತಿದರು, ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡಿದ್ದರು. ನಾನು ಪಕ್ಕದ ಕನ್ನಡಿಯಲ್ಲಿ ನೋಡಿದೆ. ಆಮೇಲೆ ಅವರು ಬಸ್ಸಿನಲ್ಲಿ ಬರತೊಡಗಿದರು. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, "ಶಾಲಿನಿಯಕ್ಕ, ನಾನು ಎಂತ ಮಾಡಿದ್ದು ಅಂತ ನಿಮಗಾದ್ರೂ ಗೊತ್ತುಂಟಾ?" ಎಂದರು. ಗೊತ್ತಿಲ್ಲ ಎಂದೆ. ಆ ಸಂಜೆಯೂ ನಿಮ್ಮ ಪಕ್ಕದ ಸೀಟಿನಲ್ಲಿ ಕೂತು ಮನೆಗೆ ಬಂದೆ.

ಮತ್ತೆ ಅರ್ಜಿ ಹಾಕುವ ಕಾಲ ಬರುವಷ್ಟರಲ್ಲಿ ವಯಸ್ಸಿನಿಂದ ನಿಮ್ಮ ಅಂಕ ಕಡಿಮೆಯಾಗಿತ್ತು. ಕಂಪನಿ ಕೈಬದಲಾದಾಗ ಹೊಸಬರು ನಿಮ್ಮ ಇಕಾಮಾ ನವೀಕರಿಸಲಿಲ್ಲ. ಅರ್ಧ ಆಯುಷ್ಯ ಕಳೆದ ಊರನ್ನು ಪೆಟ್ಟಿಗೆ ಕಟ್ಟಿ ಬಿಟ್ಟು ಬಂದಿರಿ. ನಿಮ್ಮ ಮಗಳು ಲವೀನಾ ಕೆನಡಾದಲ್ಲಿ ಓದಬಹುದಾಗಿದ್ದದ್ದು, ನೀವಿಬ್ಬರೂ ಯಾರ ಸಹಿಗೂ ಕಾಯದೆ ಬದುಕಬಹುದಾಗಿದ್ದದ್ದು — ಅದನ್ನು ನಾನು ಬರೆದು ಮುಗಿಸಲಾರೆ.

ಈಗ ಲವೀನಾಳ ಮದುವೆಗೆ ನೀವೇ ಮನೆಗೆ ಬಂದು ಕರೆದು ಹೋದಿರಿ. ಚಹಾ ಕುಡಿಯುತ್ತ, ಕುವೈತಿನವರೆಲ್ಲರನ್ನೂ ಕರೆದಿದ್ದೇನೆ, ಒಬ್ಬನನ್ನು ಬಿಟ್ಟು ಎಂದಿರಿ. ನಾನು ನಿಮ್ಮ ಬಸಿಗೆ ಇನ್ನಷ್ಟು ಚಕ್ಕುಲಿ ಹಾಕಿದೆ.

ಇದನ್ನು ಓದಿದ ಮೇಲೆ ನಾನು ಬರಬೇಕೋ ಬೇಡವೋ ನೀವು ಮತ್ತು ಜೂಲಿ ಹೇಳಿ; ಹೇಳದಿದ್ದರೆ ಬರುವುದಿಲ್ಲ. ಸದಾನಂದರಿಗೂ ಇದನ್ನೇ ಬರೆದು ಕಳಿಸುತ್ತಿದ್ದೇನೆ. ಅವರು ಕಾಪುವಿನಲ್ಲಿದ್ದಾರೆ, ಹಳೆಯ ನಂಬರೇ ಇದೆ. ಒಂದು ಫೋನು ಮಾಡಿ, ಸ್ಟ್ಯಾನಿಯಣ್ಣ. ಅವರು ಎತ್ತಿದರೆ ಯಾರೆಂದು ಮೊದಲು ನೀವೇ ಹೇಳಿ. ನಿಮ್ಮ ದನಿ ಕೇಳದೆ ಅವರಿಗೆ ಬಹಳ ಕಾಲವಾಯಿತು.