ನೀರು ಕುಡಿದ ಬಾಣಂತಿ

ಅಮ್ಮ ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಅವಳನ್ನು ದೇವತೆ ಮಾಡಿಬಿಟ್ಟರು. ನಾನು ಸುಮ್ಮನೆ ತಲೆಯಾಡಿಸುತ್ತಾ ಕುಳಿತಿದ್ದೆ. ನನಗೆ ಗೊತ್ತಿದ್ದ ಅಮ್ಮ ಪಕ್ಕದ ಮನೆಗೆ ಕೇಳುವಂತೆ ಗೊರಕೆ ಹೊಡೆಯುತ್ತಿದ್ದಳು. ಹೆರಿಗೆ ನೋವಿನಲ್ಲಿ ಹೇಳಿದ ಮಾತು ಕೇಳದವರ ತೊಡೆಗೆ ಪಟೀರೆಂದು ಬಾರಿಸುತ್ತಿದ್ದಳು. ಘಟ್ಟದಾಚೆಯಿಂದ ಒಣಮೀನು ತರಿಸಿ ಹುರಿದು, ಬೀದಿಯವರೆಲ್ಲ ಮೂಗು ಮುಚ್ಚಿಕೊಂಡರೆ ಇನ್ನೆರಡು ಹೆಚ್ಚಿಗೆ ಹುರಿಯುತ್ತಿದ್ದಳು. ದೇವತೆಯನ್ನು ಕಳೆದುಕೊಂಡವರು ಹೇಗೋ ಸಮಾಧಾನ ಮಾಡಿಕೊಳ್ಳಬಹುದು. ನನ್ನಿಂದ ಇನ್ನೂ ಆಗಿಲ್ಲ.

ಅವಳು ತಿರುವಾಂಕೂರಿನ ಕಡೆಯವಳು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನರ್ಸ್ ಕೆಲಸಕ್ಕೆಂದು ಚಾಮರಾಜನಗರಕ್ಕೆ ಬಂದಳು. ಅಲ್ಲಿ ಕುದೇರಿನ ಒಬ್ಬ ಬಸ್ ಡ್ರೈವರನ್ನು ಮದುವೆಯಾದಳು. ಅವಳ ತವರಿನವರು ಇನ್ನು ಮುಖ ತೋರಿಸಬೇಡ ಎಂದರು. ಕುದೇರಿನವರು ಅಷ್ಟು ಹೇಳುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ನಾನು ಹುಟ್ಟಿದ ಮೇಲೆ ಗುಂಡ್ಲುಪೇಟೆಗೆ ವರ್ಗವಾಗಿ, ಆಸ್ಪತ್ರೆಯ ಹಿಂದಿನ ಹೆಂಚಿನ ಕ್ವಾರ್ಟರ್ಸಿಗೆ ಬಂದೆವು.

ಅಮ್ಮ ಕನ್ನಡ ಕಲಿತದ್ದು ಹೆರಿಗೆ ವಾರ್ಡಿನಲ್ಲಿ. ಅಲ್ಲಿ ಯಾರೂ ಯಾರಿಗೂ ಬಹುವಚನ ಹಾಕುವುದಿಲ್ಲ. ಹಾಗಾಗಿ ಅವಳು ಊರಿನ ಪಟೇಲರಿಗೂ "ಏ ಪಟೇಲ, ಬಾಗಿಲಲ್ಲಿ ನಿಲ್ಲಬೇಡ, ಗಾಳಿ ಬಿಡು" ಎನ್ನುತ್ತಿದ್ದಳು. ಮಲೆಯಾಳದವಳು, ಪಾಪ, ಎಂದು ಪಟೇಲರು ಪಕ್ಕಕ್ಕೆ ಸರಿಯುತ್ತಿದ್ದರು.

ಅವಳ ದೊಡ್ಡ ಜಗಳ ಇದ್ದದ್ದು ನೀರಿನ ವಿಷಯದಲ್ಲಿ. ಆಗ ನಮ್ಮ ಕಡೆ ಹಸಿ ಬಾಣಂತಿಗೆ ನೀರು ಕೊಡುತ್ತಿರಲಿಲ್ಲ. ಕೊಟ್ಟರೆ ನಂಜಾಗುತ್ತದೆ, ಹೊಟ್ಟೆ ಜೋಲುತ್ತದೆ, ಮೈ ಊದುತ್ತದೆ ಎಂದು ನಂಬಿದ್ದರು. ತೀರಾ ಬೇಡಿದರೆ ಒಂದು ಗುಟುಕು ಕಷಾಯ. ಭೀಮನಬೀಡಿನ ಒಂದು ಮನೆಯ ಸೊಸೆ, ಇನ್ನೂ ಹುಡುಗಿ, ಮೊದಲ ಹೆರಿಗೆಯಾದಾಗ ಬಾಯಾರಿಕೆ ತಡೆಯಲಾರದೆ ಹಿತ್ತಿಲಿಗೆ ತೆವಳಿ ಹೋಗಿ ಹಸುವಿಗಿಟ್ಟಿದ್ದ ಕಲಗಚ್ಚು ಕುಡಿದಿದ್ದಳು. ವಾಂತಿ ಭೇದಿಯಾಗಿ ಆಸ್ಪತ್ರೆಗೆ ಬಂದವಳನ್ನು ಅಮ್ಮನೇ ಉಳಿಸಿದಳು. ಅವಳು ಮತ್ತೆ ಬಸುರಾದಾಗ ಅಮ್ಮ ಆ ಮನೆಗೆ ಹೋಗಿ, ಈ ಸಲ ಕುದಿಸಿದ ನೀರು ಕೊಡಲೇಬೇಕು ಎಂದು ಅತ್ತೆಯ ಹತ್ತಿರ ಕೂಗಾಡಿ ಬಂದಳು. ಅತ್ತೆ ಎಲ್ಲದಕ್ಕೂ ಹ್ಞೂಂ ಎಂದಳು. ಕೊಡುವುದಿಲ್ಲವೆಂದು ಅಮ್ಮನಿಗೆ ಗೊತ್ತಿತ್ತು. ಆ ಊರಿನಲ್ಲಿ ಸೂಲಗಿತ್ತಿ ಅಜ್ಜಿ ಹೇಳಿದ್ದೇ ನಡೆಯುತ್ತಿತ್ತು. ಆ ಅಜ್ಜಿಯ ಉಗುರನ್ನು ಅಮ್ಮ ಒಮ್ಮೆ ಎಲ್ಲರೆದುರು ಕತ್ತರಿಸಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ.

ಅದೇ ಸಮಯಕ್ಕೆ ಅಮ್ಮನೂ ಬಸುರಾಗಿದ್ದಳು. ಆ ಹುಡುಗಿಗಿಂತ ಮೊದಲು ಅಮ್ಮನಿಗೇ ಹೆರಿಗೆಯಾಗಿ ತಮ್ಮ ಹುಟ್ಟಿದ. ಬಾಣಂತನ ಮಾಡಲು ತವರಿಲ್ಲ, ಅತ್ತೆಯಿಲ್ಲ. ಅಪ್ಪ ಊಟಿ ಘಟ್ಟದಲ್ಲಿ ಬಸ್ ಓಡಿಸಬಲ್ಲ ಧೀರ, ಒಲೆ ಹಚ್ಚಲು ಬಾರದು. ಅವನು ಮಾಡಿದ ಗಂಜಿಯನ್ನು ನಾನೂ ಅಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಂಡೆವು.

ಮಾರನೆಯ ಬೆಳಿಗ್ಗೆ ಭೀಮನಬೀಡಿನ ಆ ಸೂಲಗಿತ್ತಿ ಅಜ್ಜಿ ಕಂಕುಳಲ್ಲಿ ಗಂಟು ಹಿಡಿದು ಒಳಗೇ ಬಂದಳು.

"ನಿನ್ನ ಯಾರು ಕರೆದದ್ದು?" ಎಂದಳು ಅಮ್ಮ ಮಲಗಿದಲ್ಲಿಂದಲೇ.

"ಯಾರೂ ಕರೀನಿಲ್ಲ. ಕರಿಯಾಕೆ ನಿಂಗ್ಯಾರವ್ರೆ?"

ಅಮ್ಮ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, "ಕೈ ತೊಳೆ," ಎಂದಳು.

"ತೊಳ್ದೇ ಬಂದಿವ್ನಿ ಕಣಮ್ಮಿ, ನಿನ್ ಸೋಪ್ನಲ್ಲೇ. ಮೂಸ್ನೋಡ್ತೀಯಾ?" ಎಂದು ಅಜ್ಜಿ ಅಂಗೈಯನ್ನು ಅಮ್ಮನ ಮೂಗಿಗೇ ಹಿಡಿದಳು.

ಎಣ್ಣೆ ನೀರಿಗೆ, ಬೆಳ್ಳುಳ್ಳಿ ಸಾರಿಗೆ, ತಲೆಗೆ ಕಟ್ಟುವ ಬಟ್ಟೆಗೆ ಅಮ್ಮ ಒಪ್ಪಿದಳು. ಹೊಗೆ ಹಾಕಲು ಬಿಡಲಿಲ್ಲ. ನೀರಿನ ಮಾತು ಬಂದಾಗ ಅಜ್ಜಿ, "ನೀರ್ ಕುಡುದ್ರೆ ನಾನ್ ಒಂಟೋಯ್ತಿನಿ," ಎಂದಳು.

"ಹೋಗು."

ಅಜ್ಜಿ ಎದ್ದು ಬಾಗಿಲವರೆಗೆ ಹೋದಳು. ಅಲ್ಲೇ ಕುಳಿತು ಎಲೆ ಅಡಿಕೆ ಹಾಕಿಕೊಂಡಳು. "ಸತ್ರೆ ನನ್ ಮೇಲ್ ಏಳ್ಬೇಡ," ಎಂದಳು.

"ಸತ್ತ ಮೇಲೆ ಹೇಗೆ ಹೇಳುವುದು?"

"ನೀನಾ? ಸತ್ರೂ ಬಾಯ್ ಮುಚ್ಚಾವ್ಳಲ್ಲ ಬುಡು."

ನರ್ಸಮ್ಮ ನೀರು ಕುಡಿಯುತ್ತಾಳಂತೆ ಎಂದು ಸುದ್ದಿಯಾಯಿತು. ಸಂತೆಯ ದಿನ ಹಳ್ಳಿಗಳ ಹೆಂಗಸರು ಮಗು ನೋಡುವ ನೆಪದಲ್ಲಿ ಬಂದು ಸಾಲಾಗಿ ಕುಳಿತರು. ಅಮ್ಮನಿಗೂ ಅದೇ ಬೇಕಿತ್ತು. ಇವರು ಕಣ್ಣಾರೆ ಕಂಡರೆ ಭೀಮನಬೀಡಿನ ಆ ಹುಡುಗಿಗೆ ನೀರು ಸಿಗುತ್ತದೆ ಎಂಬುದು ಅವಳ ಲೆಕ್ಕ. ಜೀರಿಗೆ ಹಾಕಿ ಕುದಿಸಿದ ನೀರನ್ನು ಚೊಂಬೆತ್ತಿ ಗಟಗಟನೆ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹೆಂಗಸರು ಅವಳ ಹೊಟ್ಟೆಯನ್ನೇ ನೋಡುತ್ತಿದ್ದರು. ತಕ್ಷಣ ಏನೂ ಆಗದ್ದು ಕಂಡು ಕೆಲವರಿಗೆ ನಿರಾಸೆಯಾಯಿತು.

ಎಡವಟ್ಟಾದದ್ದು ಆಮೇಲೆ. ಅಮ್ಮ ಅಲ್ಲಿಯವರೆಗೆ ಕೊಡೆಕಡ್ಡಿಯಂತಿದ್ದವಳು. ಹುಟ್ಟಿದಾಗಿನಿಂದ ಯಾರೂ ಕೂರಿಸಿ ಬಡಿಸಿದವರಿಲ್ಲ. ಈಗ ಅಜ್ಜಿ ಬೆಳಿಗ್ಗೆ ಒಣಶುಂಠಿ ಬೆಲ್ಲದ ಉಂಡೆ, ಮಧ್ಯಾಹ್ನ ಬಿಸಿ ಅನ್ನಕ್ಕೆ ತೇಲುವಷ್ಟು ತುಪ್ಪ, ಸಂಜೆ ಮತ್ತೆ ಉಂಡೆ ಕೊಟ್ಟು, ಹಂಡೆಗಟ್ಟಲೆ ಬಿಸಿನೀರು ಹುಯ್ದು ಮಲಗಿಸುತ್ತಿದ್ದಳು. ಅಮ್ಮ ಹಲಸಿನ ಹಣ್ಣಿನ ಹಾಗೆ ದಪ್ಪಗಾದಳು. ರವಿಕೆಯ ತೋಳು ಬಿರಿಯಿತು. ಭೀಮನಬೀಡಿನ ಆ ಅತ್ತೆ ಇನ್ನೊಂದು ಸಂತೆಗೆ ಬಂದವಳು ಬಾಗಿಲಲ್ಲೇ ನಿಂತು ಕೈ ತಟ್ಟಿ ಕೂಗಿದಳು.

"ನೋಡ್ರವ್ವಾ! ನೀರ್ ಕುಡ್ದು ಎಂಗ್ ಊದ್ಕಂಡವ್ಳೆ! ನನ್ ಸೊಸೇಗೂ ಇಂಗೇ ಮಾಡು ಅಂತಿದ್ಲಲ್ಲಾ!"

ಅಂದು ಅಮ್ಮ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ಇಷ್ಟು ವರ್ಷ ಗಂಟಲು ಹರಿದುಕೊಂಡಿದ್ದೆಲ್ಲ ಅವಳ ತೋಳಿನ ಸುತ್ತಳತೆಯಲ್ಲಿ ಮುಳುಗಿಹೋಗಿತ್ತು. ಮಧ್ಯಾಹ್ನ ತಟ್ಟೆ ದೂಡಿ, "ತುಪ್ಪ ಬೇಡ," ಎಂದಳು.

ಅಜ್ಜಿಯ ಮುಖ ಕಪ್ಪಿಟ್ಟಿತು. "ಯಾಕಮ್ಮಿ, ನನ್ ತುಪ್ಪಕ್ಕೇನ್ ಬಂದದ್ದು?"

ಅಮ್ಮ ಅಳುತ್ತಾ ವಿಷಯ ಹೇಳಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಹುಡುಗಿಗೆ ದಿನ ತುಂಬುತ್ತಾ ಬಂದಿದೆ, ಈಗ ಯಾರು ನೀರು ಕೊಡುತ್ತಾರೆ ಎಂದಳು. ಅಜ್ಜಿಗೆ ಆ ಹುಡುಗಿಯ ಮಾತು ಕೇಳಿಸಿತೋ ಇಲ್ಲವೋ. ಅವಳ ಕಿವಿಗೆ ಬಿದ್ದದ್ದು ಒಂದೇ.

"ನೀರ್ಗೆ ಮೈ ಬಂತು ಅಂದ್ಳಾ? ನೀರ್ಗೆ? ಮೂರೊತ್ತೂ ಒಲೆ ಮುಂದೆ ಬೆಂದೋಳ್ ನಾನು! ನನ್ ಉಂಡೆ, ನನ್ ತುಪ್ಪ, ನನ್ ಕೈ! ನೀರ್ ಕುಡ್ದು ಮೈ ಬರೋ ಅಂಗಿದ್ರೆ ಕೆರೇಲಿರೋ ಕಪ್ಪೆ ಎಮ್ಮೆ ಆಗ್ಬೇಕಿತ್ತು!"

ಸೌಟನ್ನು ಅಲ್ಲೇ ಎಸೆದು ತನ್ನ ಊರಿಗೆ ಹೊರಟೇಬಿಟ್ಟಳು. ದಾರಿಯಲ್ಲಿ ಹರವೆಯಂಥ ಬೇರೆ ಊರಿನವರು ಸಿಕ್ಕಿದರೂ ಬಿಡಲಿಲ್ಲವಂತೆ. ಬಾವಿಕಟ್ಟೆಯಲ್ಲಿ, ಗದ್ದೆ ಬದುವಿನಲ್ಲಿ, ಕಂಡ ಕಂಡವರನ್ನು ನಿಲ್ಲಿಸಿ, ನೀರಿನಿಂದ ಬಾಣಂತಿಗೆ ಏನೂ ಆಗುವುದಿಲ್ಲ, ಆಗುವುದೆಲ್ಲ ತನ್ನ ತುಪ್ಪದಿಂದ ಎಂದು ಆಣೆ ಇಟ್ಟು ಹೇಳಿದಳು. ಅವಳ ಮಾತಿಗೆ ಎದುರಾಡುವವರು ಆ ಊರಲ್ಲಿ ಇರಲಿಲ್ಲ.

ಆ ಹುಡುಗಿ ಹೆತ್ತ ಸುದ್ದಿ ಬಂದಾಗ ಅಮ್ಮ ತಮ್ಮನನ್ನೂ ನನ್ನನ್ನೂ ಕಟ್ಟಿಕೊಂಡು ಎತ್ತಿನ ಗಾಡಿಯಲ್ಲಿ ಭೀಮನಬೀಡಿಗೆ ಹೋದಳು. ಬೈಗುಳವನ್ನೆಲ್ಲ ಸಿದ್ಧ ಮಾಡಿಕೊಂಡೇ ಹೋಗಿದ್ದಳು. ಬಾಗಿಲು ತೆರೆದೇ ಇತ್ತು. ಅತ್ತೆಯೇ ಚೊಂಬು ಹಿಡಿದು ನಿಂತಿದ್ದಳು. ಹುಡುಗಿ ಎರಡೂ ಕೈಯಲ್ಲಿ ಅದನ್ನು ಕಿತ್ತುಕೊಳ್ಳುವಂತೆ ತೆಗೆದುಕೊಂಡು ಕುಡಿದಳು. ಕುತ್ತಿಗೆಯ ಮೇಲೆಲ್ಲ ನೀರು ಚೆಲ್ಲಿತು.

"ಕೊಡ್ಬೋದಂತೆ ಕಣ್ ನರ್ಸಮ್ಮ," ಎಂದಳು ಅತ್ತೆ, ಹೊಸ ಸಂಗತಿ ತಿಳಿಸುವವಳಂತೆ. "ಅಜ್ಜಿ ಏಳ್ತು. ಕುದಿಸ್ಬೇಕಂತೆ. ನಿಂಗೊತ್ತಾ?"

ಅಮ್ಮನ ಬಾಯಿ ತೆರೆಯಿತು. ಮೂಲೆಯಲ್ಲಿ ಅಜ್ಜಿ ಉಂಡೆ ಕಟ್ಟುತ್ತಾ ಕುಳಿತಿದ್ದಳು. ತಲೆ ಎತ್ತಲಿಲ್ಲ.

"ಅಜ್ಜಿ ಹೇಳಿದ್ದು ಸರಿ," ಎಂದಳು ಅಮ್ಮ. ಆ ಮೂರು ಪದಕ್ಕೆ ಅವಳು ಪಟ್ಟ ಕಷ್ಟ ತಮ್ಮನನ್ನು ಹೆರುವಾಗಲೂ ಪಟ್ಟಿರಲಿಲ್ಲ.

ಹುಡುಗಿ ಇನ್ನೊಂದು ಚೊಂಬು ಕೇಳಿದಳು. ಅತ್ತೆ ಅಜ್ಜಿಯ ಮುಖ ನೋಡಿದಳು, ಅಜ್ಜಿ ಗದ್ದ ಆಡಿಸಿದಳು, ಚೊಂಬು ತುಂಬಿತು. ಅಮ್ಮ ಹೊರಗೆ ಬಂದು ಜಗಲಿಯ ಮೇಲೆ ಕುಳಿತು ತಮ್ಮನಿಗೆ ಹಾಲು ಕೊಡತೊಡಗಿದಳು. ಒಳಗೆ ಅಜ್ಜಿ ತನ್ನ ತುಪ್ಪದ ಮಹಿಮೆಯನ್ನು ಮೊದಲಿನಿಂದ ಹೇಳಲು ಶುರು ಮಾಡಿದ್ದಳು.