ದೊಡ್ಡ ಸಿಸ್ಟರ್ ಮನೆಗೆ ಹೊರಡುವ ಹೊತ್ತು

ಅಪಘಾತವಾಗಿ ಬಂದವರಿಗೆ ನಮ್ಮ ತುರ್ತು ವಾರ್ಡಿನ ದೊಡ್ಡ ಸಿಸ್ಟರ್ ಕೈಯಲ್ಲಿ ಮೊದಲು ಸಿಗುವುದು ಬೈಗುಳ, ಆಮೇಲೆ ಬ್ಯಾಂಡೇಜು. "ತೂಕಡಿಸ್ಕೊಂಡು ಗಾಡಿ ಓಡಿಸ್ತೀಯಲ್ಲಪ್ಪಾ, ರಸ್ತೆ ಏನು ನಿಮ್ಮನೆ ಹಾಸಿಗೆನಾ?" ಎಂದು ಗಾಯ ತೊಳೆದು ಮುಗಿಯುವವರೆಗೂ ಜಾಡಿಸುತ್ತಾರೆ. ಬದಲಿಯವರು ಬಾರದೆ ಎರಡನೆಯ ಪಾಳಿಯೂ ತಮ್ಮ ತಲೆಗೇ ಬಿದ್ದಾಗ, "ನನಗೇನ್ರೀ ಧಾಡಿ, ಕಲ್ಲುಗುಂಡಿನ ಹಾಗಿದೀನಿ" ಎನ್ನುತ್ತಲೇ ಔಷಧಿ ಬೀರುವಿಗೆ ಒರಗಿ ನಿಂತಲ್ಲೇ ನಿದ್ದೆ ತೆಗೆಯುತ್ತಾರೆ. ಮೇಲಿನವರು ಇನ್ನೊಬ್ಬ ನರ್ಸನ್ನು ಕೊಡುವ ಬದಲು ದಣಿವು ನೀಗುವುದು ಹೇಗೆಂದು ಭಾಷಣ ಏರ್ಪಡಿಸಿದರೆ, ಮುಂದಿನ ಸಾಲಿನಲ್ಲೇ ಕೂತು ಗೊರಕೆ ಹೊಡೆದು ಭಾಷಣ ಫಲಿಸಿದ್ದನ್ನು ತೋರಿಸಿಕೊಡುತ್ತಾರೆ. ಬೆಳಿಗ್ಗೆ ಸ್ಕೂಟರ್ ಹತ್ತುವಾಗ "ದಾರಿ ಗಾಡಿಗೇ ಗೊತ್ತು, ನಾನು ಸುಮ್ನೆ ಕೂತಿರೋದು" ಎಂಬ ಜಂಬ ಬೇರೆ. ಆದರೆ ಹೆಲ್ಮೆಟ್ ಹಾಕುವ ಮುಂಚೆ, ರೋಗಿಗಳ ಕೈಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯೊಂದರ ಮೇಲೆ ತಮ್ಮ ಹೆಸರು, ರಕ್ತದ ಗುಂಪು, ಮಗಳ ಫೋನ್ ನಂಬರ್ ಬರೆದು ತಾವೇ ಕಟ್ಟಿಕೊಳ್ಳುತ್ತಾರೆ. ಇದೇನು ಸಿಸ್ಟರ್ ಎಂದು ಕೇಳಿದರೆ, "ಯಾವ ಆಸ್ಪತ್ರೆಗೆ ಹಾಕ್ತಾರೋ ಏನೋ, ನಾನು ಯಾರು ಅಂತ ಅಲ್ಲಿನ ಸಿಸ್ಟರ್ ಒದ್ದಾಡ್ಬಾರ್ದಲ್ಲ. ಪಾಪ, ಅವಳಿಗೂ ಅದು ಎರಡನೇ ಪಾಳಿನೇ ಇರುತ್ತೆ" ಎಂದು ಗಾಡಿ ಸ್ಟಾರ್ಟ್ ಮಾಡುತ್ತಾರೆ.