ಟಣ್ ಅನ್ನದ ಸ್ಟೀಲ್ ಫ್ರೇಮು

ಮೊದ್ಲೇ ಹೇಳ್ತೀನಿ, ನೀವು ಇದನ್ನ ನಂಬಲ್ಲ. ನಂಬಬ್ಯಾಡ್ರಿ, ನಂಗೇನೂ ನಷ್ಟ ಇಲ್ಲ. ನಾನು ಹೊಸದುರ್ಗದ ಕಾಯಿ ವ್ಯಾಪಾರಿ, ವಯಸ್ಸು ಎಪ್ಪತ್ತರ ಹತ್ರ. ಊರಾಚೆ ಗುಡ್ಡದ ಮ್ಯಾಲೆ ಕರೆಂಟ್ ಮಾಡೋ ಗಾಳಿ ಫ್ಯಾನುಗಳು ಅವಲ್ಲ, ಅಲ್ಲಿಗೆ ಹೋಗೋ ಜಲ್ಲಿ ರಸ್ತೆನ ಒಂದ್ ಸಲನೂ ಕಾಲು ನೆಲಕ್ಕೆ ಇಕ್ಕದಂಗೆ ಸೈಕಲ್‌ನಾಗೆ ಹತ್ತೀನಿ. ಕುರಿ ಕಾಯೋ ಹುಡುಗ್ರೇ ಅಲ್ಲಿ ಕುಂತು ಸುಧಾರಿಸ್ಕಂಡು ಹತ್ತತಾರೆ. ನಗ್ರಿ. ನಕ್ಕು ಮುಗುದ್ ಮ್ಯಾಲೆ ಮುಂದಕ್ಕೆ ಓದ್ರಿ.

ಇದಕ್ಕೆಲ್ಲ ಮೂಲ ನನ್ ಹಳೇ ಸೈಕಲ್ಲು. ಅಲ್ಯೂಮಿನಿಯಂ ಫ್ರೇಮು, ನೋಡಕ್ಕೆ ಮದುವೆ ಗಂಡಿನಂಗೆ ಇತ್ತು. ಹೊಳಲ್ಕೆರೆ ದಾರಿನಾಗೆ ಒಂದು ಗುಂಡಿಗೆ ಇಳಿದು ಏಳೋದ್ರೊಳಗೆ ಪೆಡಲ್ ಹತ್ರ ಪೈಪು ಬಾಯಿ ಬಿಟ್ಟಿತ್ತು. ಗೇಟು, ಕಿಟಕಿ ಗ್ರಿಲ್ಲು ಮಾಡೋ ವೆಲ್ಡಿಂಗ್ ಶಾಪಿಗೆ ತಳ್ಕಂಡು ಹೋದೆ. ಅವನು ಬೆರಳಾಗೆ ತಟ್ಟಿ ನೋಡಿ, 'ಅಜ್ಜ, ಇದು ಕಬ್ಬಿಣ ಅಲ್ಲ, ನನ್ ಕೈಲಿ ಬೆಸೆಯಾಕಾಗಲ್ಲ. ಅನ್ನದ ತಪ್ಪಲೆ ಮಾಡ್ಸಾದಿದ್ರೆ ಹೇಳು, ನೋಡಾಣ' ಅಂದ. ಕೊನೆಗೆ ಲಗೇಜ್ ಆಟೋದಾಗೆ ಯಾರದೋ ಮೇಕೆಗಳ ಜತೆ ಮನೆಗೆ ಬಂದೆ. ಬರೋವಷ್ಟರಾಗೆ ಒಂದು ಮೇಕೆ ಸೀಟಿನ ಕವರ್ ತಿಂದು ಮುಗ್ಸಿತ್ತು.

ನನ್ ಹೆಂಡ್ತಿ ಗೇಟಿನಾಗೆ ನಿಂತು ಮೇಕೆನೂ ನೋಡಿದ್ಲು, ನನ್ನೂ ನೋಡಿದ್ಲು.

'ನೋಡ್ರಿ, ಇನ್ನೊಂದು ಸೈಕಲ್ ತಗಳ್ರಿ, ಬ್ಯಾಡ ಅನ್ನಲ್ಲ. ಆದ್ರೆ ಅದೂ ಆಟೋ ಹತ್ಕಂಡು ಬಂತು ಅಂದ್ರೆ ನೆಟ್ಟಗೆ ಗುಜರಿಗೆ. ಮಾರನೇ ದಿನದಿಂದ ನೀವು ನನ್ ಜತೆ ಪಾರ್ಕಿಗೆ ಬಂದು ನಗೋ ಕ್ಲಬ್ಬಿನಾಗೆ ಕೈ ಮ್ಯಾಲೆತ್ತಿ ನಗಬೇಕು.'

ಇಡೀ ತಾಲ್ಲೂಕಿನೋರನ್ನ ಮಂಗ ಮಾಡಿ ನಗ್ಸಿದೋನು ನಾನು. ನಾನು ಬೆಳಿಗ್ಗೆ ಎದ್ದು, ಯಾರೋ ಸೀಟಿ ಊದಿದ್ ಕೂಡ್ಲೆ ನಗಬೇಕಾ? ಅದಕ್ಕಿಂತ ಮೇಕೆಗಳ ಜತೆ ಸಂಸಾರ ಮಾಡಾದು ವಾಸಿ. ಹಂಗಾಗಿ ಈ ಸಲ ಫ್ರೇಮು ಆರ್ಸೋದ್ರಾಗೆ ತಪ್ಪಂಗಿರಲಿಲ್ಲ.

ಸ್ಟೀಲೇ ಬೇಕು ಅಂತ ಅವತ್ತೇ ತೀರ್ಮಾನ ಮಾಡ್ದೆ. ಸ್ಟೀಲು ಬಗ್ಗಿದ್ರೆ ನೆಟ್ಟಗೆ ಮಾಡಬೋದು, ಬಾಯಿ ಬಿಟ್ರೆ ಯಾವ ಊರಿನ ವೆಲ್ಡಿಂಗ್ ಶಾಪಿನಾಗಾದ್ರೂ ಬೆಸೆಸಬೋದು. ಮುಂದಿನ ಗಾಲಿಗೆ ಮಾತ್ರ ಸ್ಪ್ರಿಂಗಿನ ಫೋರ್ಕು, ಹಿಂದಕ್ಕೆ ಏನೂ ಬ್ಯಾಡ. ಹಾರ್ಡ್‌ಟೇಲ್ ಅಂತಾರೆ ಅದನ್ನ. ಹಿಂದಕ್ಕೆ ಸ್ಪ್ರಿಂಗು ದೇವ್ರು ನಂಗೆ ಮೊದ್ಲೇ ಕೊಟ್ಟವ್ನೆ, ಹೆಂಡ್ತಿ ಕೈ ರುಚಿ ಅದನ್ನ ದಪ್ಪ ಮಾಡೈತೆ.

ಚಿತ್ರದುರ್ಗದಾಗೆ ನನ್ ಸ್ಕೂಲ್ ದೋಸ್ತ್ ಒಬ್ಬಂದು ಸೈಕಲ್ ಅಂಗಡಿ ಐತೆ. ತಾತ ಮುತ್ತಾತನ ಕಾಲದಿಂದ ಕೋಟೆ ಕೆಳಗೇ ಇರೋ ಸಾಬ್ರ ಮನೆತನ. ನಾನು ಒಂದ್ಸಲ ಮದುವೆ ಐತೆ ಅಂತ ಬ್ಯಾಂಡ್‌ಸೆಟ್ಟಿನೋರನ್ನ ಅವನ ಅಂಗಡಿಗೆ ಕಳ್ಸಿದ್ದೆ. ಅವನು ನನ್ ಗೋಡೌನ್ ಬಾಗಿಲಿಗೆ 'ಇಲ್ಲಿ ಕಾಯಿ ಫ್ರೀ' ಅಂತ ಬೋರ್ಡ್ ತಗಲಾಕಿದ್ದ. ಅಂಥ ಸ್ನೇಹ ನಮ್ದು.

'ಬರ್ರಿ ಕಾಯಿ ಸಾವ್ಕಾರ್ರೆ, ಕುಂತ್ಕಳ್ರಿ. ಮೇಕೆ ಕರ್ಕಂಡು ಬರಲಿಲ್ವಾ?' ಅಂದ. ಮೇಕೆ ಸುದ್ದಿನೂ, ಹೆಂಡ್ತಿ ಹೇಳಿದ ಗುಜರಿ ಮಾತೂ ಅಲ್ಲಿಗೆ ಮುಟ್ಟಿತ್ತು.

ಸ್ಟೀಲ್ ಫ್ರೇಮು ಎರಡು ನೇತಾಕಿದ್ದ. ಒಂದು ಕೆಂಪು. ಇನ್ನೊಂದು ಬೂದಿ ಬಣ್ಣದ್ದು, ಹಿರಿಯೂರಿನ ಗಿರಾಕಿ ಯಾರೋ ತರಿಸ್ಕಂಡು ಕೈ ಕೊಟ್ಟಿದ್ದಂತೆ. ಎರಡೂ ನನ್ ಅಳತೆಗೆ ಸರಿಯಾಗಿದ್ವು. ಫ್ರೇಮಿನ ಮ್ಯಾಲೆ ಕಾಲು ಅಗಲಿಸಿ ನಿಂತಾಗ ಪೈಪಿಗೂ ನಿಮ್ ಮರ್ಯಾದೆಗೂ ನಡುವೆ ಒಂದು ಮುಷ್ಟಿ ಜಾಗ ಇರಬೇಕು. ಇಲ್ಲಾಂದ್ರೆ ಮೊದಲನೇ ಗುಂಡಿನಾಗೇ ಅಳ್ತೀರಿ. ಹಿಂದೆ ದಪ್ಪ ಟೈರು ಕೂರಕ್ಕೆ ಎಡಕ್ಕೂ ಬಲಕ್ಕೂ ಬೆರಳಾಡುವಷ್ಟು ಸಂದು ಬೇಕು. ಇವೆಲ್ಲ ನಂಗೆ ಯಾರೂ ಹೇಳ್ಕೊಟ್ಟಿದ್ದಲ್ಲ, ಬಿದ್ದು ಕಲ್ತಿದ್ದು.

ಆಮೇಲೆ ನನ್ ಕಸುಬಿನ ಬುದ್ಧಿ ತೆಗ್ದೆ. ನಾವು ಕಾಯಿ ತಟ್ಟಿ ತಗಳ್ಳೋ ಜನ. ಟಣ್ ಅಂದ್ರೆ ಗಟ್ಟಿ, ದಬ್ ಅಂದ್ರೆ ಒಳಗೆ ಕೆಟ್ಟೈತೆ ಅಂತ. ಬೀಗದ ಕೈ ತೆಗ್ದು ಕೆಂಪು ಫ್ರೇಮಿಗೆ ತಟ್ಟಿದೆ. ಟಣ್ ಅಂತು. ಬೂದಿ ಬಣ್ಣದ್ದಕ್ಕೆ ತಟ್ಟಿದೆ. ದಬ್.

'ನಾನೂ ಅದನ್ನೇ ಹೇಳಾಣ ಅಂತಿದ್ದೆ,' ಅಂದ ದೋಸ್ತ್. 'ಕೆಂಪುದೇ ತಗಳಲೇ. ನಿನ್ ಮುಖಕ್ಕೂ ಒಪ್ತೈತೆ.'

ನನ್ ಮುಖಕ್ಕೆ ಏನಾರ ಒಪ್ತೈತೆ ಅಂತ ಅವನು ಹುಟ್ಟಿದ್ ಮ್ಯಾಲೆ ಅಂದಿರಲಿಲ್ಲ. ನಂಗೆ ಅನುಮಾನ ಬಂತು. ಎರಡನ್ನೂ ಎತ್ತಿ ನೋಡಿದೆ. ಕೆಂಪುದು ನೀರಿನ ಪೈಪಿನಂಗೆ ಭಾರ. ಬೂದಿದು ಹಗೂರ, ಕ್ರೋಮೊಲಿ ಅಂತಾರಲ್ಲ, ಆ ತೆಳು ಪೈಪಿನ ಗಟ್ಟಿ ಸ್ಟೀಲು. ತೆಳು ಪೈಪು ಇನ್ನೂ ಜೋರಾಗಿ ಟಣ್ ಅನ್ನಬೇಕಿತ್ತಲ್ಲ?

'ಆಯ್ತು, ಕೆಂಪುದೇ ಇರಲಿ,' ಅಂದೆ. ದೋಸ್ತ್ ಖುಷಿಯಾಗಿ ಚಹಾ ತರಕ್ಕೆ ಹೋದ. ಅವನ ಬೆನ್ನು ತಿರುಗಿದ್ದೇ ತಡ, ಬೂದಿ ಫ್ರೇಮಿನ ಸೀಟಿನ ಪೈಪಿಗೆ ಬೆರಳು ಹಾಕಿದೆ. ಬಟ್ಟೆ ತಗಲ್ತು. ಎಳದೆ. ಚೌಕುಳಿ ಲುಂಗಿ ತುಂಡು ಬಂತು, ಇನ್ನೂ ಬಂತು, ಬರ್ತಾನೇ ಇತ್ತು. ಕಾಯಿ ವ್ಯಾಪಾರಿ ತಟ್ಟದೆ ಬಿಡಲ್ಲ ಅಂತ ಗೊತ್ತಿದ್ದೋನು ಅವನೊಬ್ಬನೇ. ಈಗ ತಟ್ಟಿದೆ, ಗುಡಿ ಗಂಟೆಯಂಗೆ ಟಣಣಣ ಅಂತು. ಲುಂಗಿನ ಕೆಂಪು ಫ್ರೇಮಿಗೆ ತುರುಕಿ, ಕುಂತ್ಕಂಡು ಕಾಲು ಅಲ್ಲಾಡಿಸ್ತಿದ್ದೆ.

ದೋಸ್ತ್ ವಾಪಸ್ ಬಂದ. 'ಯಾಕೋ ಮನಸು ಬದಲಾತು ಭಾಯ್. ನೀನೇ ಒಂದ್ಸಲ ತಟ್ಟು,' ಅಂದೆ.

ತಟ್ಟಿದ. ಕೆಂಪುದು ದಬ್ ಅಂತು. ಬೂದಿದು ಟಣ್ ಅಂತು. ಫ್ರೇಮು ನೋಡಿದ, ನನ್ನ ನೋಡಿದ.

'ನನ್ ಲುಂಗಿ ಕೊಡಲೇ,' ಅಂದ. 'ಆ ಬೂದಿ ಫ್ರೇಮ್‌ನ ನನಗೇ ಅಂತ ಇಟ್ಕಂಡಿದ್ದೆ. ಹೋಗ್ಲಿ, ತಗಂಡೋಗು. ನೀನು ಆಟೋ ಹತ್ತೋ ದಿನ ದೂರ ಇಲ್ಲ. ಅವತ್ತು ಗುಜರಿಯೋನು ನಾನೇ.'

ಹಳೇ ಸೈಕಲ್ಲಿನ ಗಾಲಿ, ಫೋರ್ಕು, ಗೇರು ಎಲ್ಲ ಇದಕ್ಕೇ ಜೋಡ್ಸಿಕೊಟ್ಟ. ತುಕ್ಕು ಹಿಡೀಬಾರ್ದು ಅಂತ ನಾನು ಪೈಪಿನೊಳಗೆ ಕೊಬ್ಬರಿ ಎಣ್ಣೆ ಬಿಟ್ಟೆ. ತುಕ್ಕು ಬರಲಿಲ್ಲ, ಇರುವೆ ಬಂದ್ವು.

ಗುಡ್ಡ ಹತ್ತೋ ದಿನ ದೋಸ್ತ್ ಸ್ಕೂಟರಿನಾಗೆ ಹಿಂದೇನೇ ಬಂದ, ಹೆಣ ಕಾಯೋ ಹದ್ದಿನಂಗೆ. ಹತ್ತಿದೆ. ಫ್ಯಾನಿನ ಬುಡಕ್ಕೆ ಗಾಲಿ ಮುಟ್ಟಿಸಿ ಉಗುಳಿದೆ. ಇಳಿಯೋವಾಗ ಗರ್ವ ಜಾಸ್ತಿಯಾಗಿ ಕಲ್ಲಿನ ಮ್ಯಾಲೆ ಮಗ್ಗುಲಾದೆ. ನನ್ ಮಂಡಿ ಕಿತ್ತಿತ್ತು, ಅದು ಹೋಗ್ಲಿ. ಗೇರು ನೇತಾಕೋ ಫ್ರೇಮಿನ ಕಿವಿ ಒಳಕ್ಕೆ ಬಗ್ಗಿ, ಗೇರು ಗಾಲಿ ಕಡ್ಡಿಗೆ ಸಿಕ್ಕಂಡಿತ್ತು. ಗಾಲಿ ತಿರುಗವಲ್ದು.

ದೋಸ್ತ್ ಆಗಲೇ ಫೋನ್ ತೆಗ್ದಿದ್ದ. 'ಆಟೋ ಕರೀಲೇನಪ್ಪ? ಮೇಕೆ ಇಲ್ದಿರೋದೇ ಹೇಳ್ತೀನಿ.'

ನಂಗೆ ಪಾರ್ಕಿನ ಸೀಟಿ ಕಿವಿನಾಗೇ ಕೇಳ್ತು. ಅಷ್ಟರಾಗೆ ಫ್ಯಾನು ರಿಪೇರಿ ಮಾಡೋರ ಜೀಪು ಇಳೀತಾ ಬಂತು. ಕೈ ಅಡ್ಡ ಹಾಕಿ ಒಂದು ದೊಡ್ಡ ಸ್ಪ್ಯಾನರ್ ಇಸ್ಕಂಡೆ. ಫ್ರೇಮಿನ ಕಿವಿಗೆ ಸಿಕ್ಕಿಸಿ ಹೊರಕ್ಕೆ ಮೀಟಕ್ಕೆ ಹಿಡ್ದೆ. ಹಳೇ ಫ್ರೇಮಾಗಿದ್ರೆ ಪಟ್ ಅಂತಿತ್ತು, ಕತೆ ಅಲ್ಲಿಗೆ ಮುಗೀತಿತ್ತು. ದೋಸ್ತ್ ಫೋನ್ ಜೇಬಿಗಿಟ್ಟು ಫ್ರೇಮು ಗಟ್ಟಿಯಾಗಿ ಹಿಡ್ಕಂಡ.

'ನಿಧಾನಲೇ. ನನ್ ಫ್ರೇಮು ಮುರೀಬ್ಯಾಡ,' ಅಂದ.

ಸ್ಟೀಲು ಒಂಚೂರು ಮುನಿಸ್ಕಂಡು, ಆಮೇಲೆ ಹೇಳಿದ್ ಮಾತು ಕೇಳ್ತು. ಒಂದೇ ಗೇರಿನಾಗೆ ಮನೆ ತನಕ ತುಳ್ಕಂಡು ಬಂದೆ.

ಹೆಂಡ್ತಿ ಮಂಡಿ ನೋಡಿದ್ಲು, ರಸ್ತೆ ನೋಡಿದ್ಲು. 'ಆಟೋ ಎಲ್ರಿ?'

'ಮೇಕೆಗಳು ಬರಲ್ಲ ಅಂದ್ವು,' ಅಂದೆ.

ನನ್ನ ನಂಬ್ತಾಳಾ? ದೋಸ್ತ್ ಕಡೆ ತಿರುಗಿ, 'ಅಣ್ಣ, ನೀವು ಹೇಳ್ರಿ. ಸೈಕಲ್ ಮ್ಯಾಲೇ ಬಂದ್ರಾ?' ಅಂದ್ಲು.

ಒಂದು ಸುಳ್ಳು ಹೇಳಿದ್ರೆ ಸಾಕಿತ್ತು, ಫ್ರೇಮು ಅವಂದಾಗ್ತಿತ್ತು. ಅವನು ಸ್ಕೂಟರ್ ಮ್ಯಾಲೆ ಕುಂತು ಗಡ್ಡ ಕೆರ್ಕಂಡ. 'ಬಂದವ್ನೆ ತಂಗೆಮ್ಮ, ಗಾಲಿ ಮ್ಯಾಲೇ ಬಂದವ್ನೆ. ಹತ್ತೋವಾಗ ಕಾಲೂ ಇಕ್ಕಲಿಲ್ಲ,' ಅಂದ, ಸಾಲ ತೀರ್ಸೋನಂಗೆ ಮುಖ ಮಾಡ್ಕಂಡು.

ಸೈಕಲ್ಲು ಈಗ ನಡುಮನೆನಾಗೇ ನಿಲ್ತೈತೆ. ಪಾರ್ಕಿನೋರು ನಾನಿಲ್ದೇನೇ ನಗ್ತಾವ್ರೆ.

ಇನ್ನು ಒಂದು ಮಾತು. ಇದರಾಗೆ ಒಂದೇ ಒಂದು ಸುಳ್ಳು ಸೇರ್ಸೀನಿ. ಗುಡ್ಡ ಅಲ್ಲ, ಲುಂಗಿ ಅಲ್ಲ, ಮೇಕೆನೂ ಅಲ್ಲ. ದೋಸ್ತ್ ನಂಗೆ ಚಹಾ ತರಕ್ಕೆ ಹೋದ ಅಂದೆನಲ್ಲ, ಅದು. ಅವನು ಎದ್ದೋಗಿದ್ದು ಯಾರಿಗೋ ಫೋನ್ ಮಾಡಕ್ಕೆ. ಆ ಅಂಗಡಿನಾಗೆ ನಂಗೆ ಇವತ್ತಿನ ತನಕ ಒಂದು ಗುಟುಕು ನೀರು ಕೂಡ ಸಿಕ್ಕಿಲ್ಲ.